ಜನರೇ ನಡೆಸುವ ಮುಕ್ತ ಸಮ್ಮೇಳನ: ಪದೇ ಪದೇ ಕೇಳುವ ಪ್ರಶ್ನೆಗಳು

ತಳಮಟ್ಟದ ರಾಜಕೀಯದ ಬಗ್ಗೆ ಮುಕ್ತ ಸಮ್ಮೇಳನ ಮಾಡೋಣ ಅಂತ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಸಭೆ ಮುಗಿದು ಕುರ್ಚಿ ಎತ್ತಿಡುವಾಗ ಕೇಳಿದವು, ಪತ್ರದಲ್ಲಿ ಬಂದವು, ಫೋನಿನಲ್ಲಿ ಅರ್ಧ ಗಂಟೆ ಚರ್ಚೆಯಾದವು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ಈಗಾಗಲೇ ಒಂದೆರಡು ಸಮ್ಮೇಳನ ಮಾಡಿದವರು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ಪರಿಚಯ

ಮುಕ್ತ ಸಮ್ಮೇಳನ ಅಂದ್ರೆ ಏನು? ಮಾಮೂಲಿ ಸಮ್ಮೇಳನದ ಹಾಗೇ ಅಲ್ವಾ?

ಅಲ್ಲ. ಮಾಮೂಲಿ ಸಮ್ಮೇಳನದಲ್ಲಿ ಯಾರು ಮಾತಾಡಬೇಕು, ಯಾವುದರ ಬಗ್ಗೆ, ಎಷ್ಟು ಹೊತ್ತು ಅನ್ನುವುದನ್ನೆಲ್ಲ ಸಂಘಟಕರು ತಿಂಗಳುಗಟ್ಟಲೆ ಮುಂಚೆ ತೀರ್ಮಾನಿಸಿರುತ್ತಾರೆ. ಭಾಷಣಕಾರರ ಹೆಸರು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಉಳಿದವರು ಬಂದು, ಕೂತು, ಕೇಳಿ, ಕೊನೆಯಲ್ಲಿ ಸಮಯ ಮಿಕ್ಕರೆ ಒಂದು ಪ್ರಶ್ನೆ ಕೇಳಿ ಹೋಗುತ್ತಾರೆ.

ಮುಕ್ತ ಸಮ್ಮೇಳನದಲ್ಲಿ ಸಂಘಟಕರು ಕೊಡುವುದು ಮೂರೇ: ಜಾಗ, ಸಮಯ, ಒಂದು ಮುಖ್ಯ ಪ್ರಶ್ನೆ. ಗೋಡೆಯ ಮೇಲೆ ಖಾಲಿ ವೇಳಾಪಟ್ಟಿ ಇರುತ್ತದೆ. ಬಂದವರೇ ಎದ್ದು, "ನನಗೆ ಇದರ ಬಗ್ಗೆ ಮಾತಾಡಬೇಕು" ಅಂತ ಚೀಟಿ ಬರೆದು ಅಲ್ಲಿ ಅಂಟಿಸುತ್ತಾರೆ. ಸುಮಾರು ಒಂದು ಗಂಟೆಯಲ್ಲಿ ಇಡೀ ದಿನದ ಕಾರ್ಯಕ್ರಮ ಸಿದ್ಧವಾಗುತ್ತದೆ. ವೇದಿಕೆ ಇಲ್ಲ, ಮುಖ್ಯ ಅತಿಥಿ ಇಲ್ಲ. 'ಅನ್‌ಕಾನ್ಫರೆನ್ಸ್', 'ಓಪನ್ ಸ್ಪೇಸ್' ಅಂತ ನೀವು ಕೇಳಿರುವ ಹೆಸರುಗಳೂ ಇದೇ ಮನೆತನದವು.

ಇದನ್ನ ಯಾರು ಶುರು ಮಾಡಿದ್ದು?

ವಿಧಾನವಾಗಿ ರೂಪ ಕೊಟ್ಟವರು ಅಮೆರಿಕದ ಹ್ಯಾರಿಸನ್ ಓವನ್. 1983ರಲ್ಲಿ ಅವರು ಒಂದು ದೊಡ್ಡ ಅಂತರರಾಷ್ಟ್ರೀಯ ಸಮ್ಮೇಳನ ಮಾಡಿದರು. ಅದರ ತಯಾರಿಗೆ ಒಂದು ವರ್ಷ ಹಿಡಿಯಿತು. ಎಲ್ಲ ಮುಗಿದ ಮೇಲೆ ನೋಡಿದರೆ, ಎಲ್ಲರಿಗೂ ಇಷ್ಟವಾಗಿದ್ದು ಕಾಫಿ ವಿರಾಮಗಳು! ಅವರು ಯೋಜನೆ ಹಾಕದೆ ಬಿಟ್ಟಿದ್ದ ಹೊತ್ತು ಅದೊಂದೇ. ಹಾಗಾದರೆ ಇಡೀ ಸಮ್ಮೇಳನವನ್ನೇ ವಿರಾಮದ ಹಾಗೆ ನಡೆಸಿದರೆ ಹೇಗೆ ಅಂತ ಯೋಚಿಸಿದರು. 1985ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಜನರನ್ನು ವೃತ್ತಾಕಾರವಾಗಿ ಕೂರಿಸಿ, ಕಾರ್ಯಸೂಚಿಯನ್ನು ಅವರ ಕೈಗೇ ಕೊಟ್ಟರು. ಇದೇ 'ಓಪನ್ ಸ್ಪೇಸ್'. ಅದಕ್ಕೂ ಮೊದಲು ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಒಂದು ಹಳ್ಳಿಯಲ್ಲಿ, ಯೋಜನಾ ಸಮಿತಿಯೇ ಇಲ್ಲದೆ ಊರಿನವರು ದಿನಗಟ್ಟಲೆ ಸಮಾರಂಭ ನಡೆಸಿದ್ದನ್ನು ಅವರು ಕಂಡಿದ್ದರು. ಆ ವೃತ್ತದ ನೆನಪು ಅವರ ಮನಸ್ಸಿನಲ್ಲಿತ್ತು.

2005ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಪಾಲೊ ಆಲ್ಟೊದಲ್ಲಿ ತಂತ್ರಜ್ಞಾನದ ಯುವಕರು ಮೊದಲ 'ಬಾರ್‌ಕ್ಯಾಂಪ್' ನಡೆಸಿದರು. ಯೋಚನೆ ಹುಟ್ಟಿ ಕಾರ್ಯಕ್ರಮ ಆಗುವ ತನಕ ಹಿಡಿದದ್ದು ಸುಮಾರು ಒಂದು ವಾರ. ಪ್ರೇಕ್ಷಕರಿಲ್ಲ, ಎಲ್ಲರೂ ಭಾಗಿಗಳೇ ಎಂಬ ಮಾತು ಆಮೇಲೆ ಅಲ್ಲಿಂದ ಎಲ್ಲ ಕಡೆ ಹರಡಿತು.

ತಳಮಟ್ಟದ ರಾಜಕೀಯ ಅಂದ್ರೆ ಚುನಾವಣೆಗೆ ನಿಲ್ಲೋದಾ?

ಅದೂ ಸೇರಬಹುದು, ಆದರೆ ಅಷ್ಟೇ ಅಲ್ಲ. ನಲ್ಲಿಗೆ ನೀರು ಯಾವಾಗ ಬರಬೇಕು, ಬೀದಿದೀಪ ಮೊದಲು ಯಾವ ರಸ್ತೆಗೆ, ಶಾಲೆಯ ಗೋಡೆಗೆ ದುಡ್ಡು ಯಾವ ವರ್ಷ ಅಂತ ತೀರ್ಮಾನಿಸುವುದು ರಾಜಕೀಯವೇ. ಆ ತೀರ್ಮಾನದ ಬಿಸಿ ತಟ್ಟುವ ಜನ ತಾವೇ ಮುಂದೆ ಬಂದು ಅದರಲ್ಲಿ ಕೈ ಹಾಕುವುದು ತಳಮಟ್ಟದ ರಾಜಕೀಯ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ನಗರಸಭೆಯ ಬಜೆಟ್ಟಿನ ಒಂದು ಭಾಗವನ್ನು ಬಡಾವಣೆಗಳ ಸಭೆಗಳಲ್ಲಿ ಜನರೇ ಚರ್ಚಿಸಿ ಹಂಚುವ ಪದ್ಧತಿ ಶುರು ಮಾಡಿತು. ಚರಂಡಿ ಮೊದಲಾ, ರಸ್ತೆ ಮೊದಲಾ ಅನ್ನುವುದನ್ನು ಅಲ್ಲಿ ವಾಸವಿದ್ದವರೇ ಹೇಳಿದರು. ಅದನ್ನು ನೋಡಿ ಜಗತ್ತಿನ ಸಾವಿರಾರು ಊರುಗಳು ಆ ದಾರಿ ಹಿಡಿದವು.

ಇದಕ್ಕೆ ಮುಕ್ತ ಸಮ್ಮೇಳನವೇ ಯಾಕೆ? ಒಳ್ಳೆಯ ಭಾಷಣಕಾರರನ್ನ ಕರೆಸಿದರೆ ಸಾಲದಾ?

ಭಾಷಣದಿಂದ ಕಲಿಯುವುದು ಖಂಡಿತ ಇದೆ. ಕಾನೂನು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ತಿಳಿದವರನ್ನು ಕೂರಿಸಿಕೊಂಡು ಕೇಳಬೇಕು. ಆದರೆ ಯಾವ ವಿಷಯ ಮಾತಾಡಬೇಕು ಅಂತ ತೀರ್ಮಾನಿಸುವವರ ಕೈಯಲ್ಲೇ ಸಭೆಯ ಅಧಿಕಾರ ಇರುತ್ತದೆ. ಜನರಿಗೆ ಅಧಿಕಾರ ಬೇಕು ಅಂತ ಹೇಳುವ ಸಮ್ಮೇಳನದಲ್ಲೇ ಕಾರ್ಯಸೂಚಿಯನ್ನು ಐದು ಜನ ಬಾಗಿಲು ಹಾಕಿಕೊಂಡು ಬರೆದರೆ, ಬಂದವರಿಗೆ ಅದು ಗೊತ್ತಾಗುತ್ತದೆ.

ನಾನು ಇದನ್ನು ಒಂದು ಚೀಟಿಯಿಂದ ಕಲಿತೆ. ನೀರಿನ ಬಗ್ಗೆ ಒಂದು ಸಮ್ಮೇಳನ. ತೆರಿಗೆ, ಕೊಳವೆ, ಕೆರೆ ಇವೇ ಬರುತ್ತವೆ ಅಂತ ನಾವು ಅಂದುಕೊಂಡಿದ್ದೆವು. ಮನೆಗೆಲಸ ಮಾಡುವ ಒಬ್ಬ ಹೆಂಗಸು ಅಂಟಿಸಿದ ಚೀಟಿಯಲ್ಲಿ ಹೀಗಿತ್ತು: "ನೀರಿನ ಸಭೆ ಯಾವಾಗಲೂ ನಾವು ಕೆಲಸಕ್ಕೆ ಹೋಗಿರೋ ಹೊತ್ತಿಗೇ ಯಾಕೆ?" ಆ ದಿನ ಅತಿ ಹೆಚ್ಚು ಜನ ಸೇರಿದ ಗೋಷ್ಠಿ ಅದು. ಎರಡು ತಿಂಗಳು ತಯಾರಿ ಮಾಡಿದ ನಮ್ಮ ತಂಡದಲ್ಲಿ ಒಬ್ಬರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ಕಾರ್ಯಕ್ರಮವೇ ಗೊತ್ತಿಲ್ಲ ಅಂದ್ರೆ ಜನ ಯಾಕೆ ಬರ್ತಾರೆ?

ಪ್ರಶ್ನೆ ನೋಡಿ ಬರುತ್ತಾರೆ. ಆದ್ದರಿಂದ ತಯಾರಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ್ದು ಆ ಒಂದು ವಾಕ್ಯಕ್ಕೆ. "ಪ್ರಜಾಪ್ರಭುತ್ವ: ಸವಾಲುಗಳು ಮತ್ತು ಸಾಧ್ಯತೆಗಳು" ಅಂತ ಬರೆದರೆ ಯಾರಿಗೂ ಅದು ತಮ್ಮದು ಅನ್ನಿಸುವುದಿಲ್ಲ. "ನಮ್ಮ ಬೀದಿಯ ತೀರ್ಮಾನಗಳು ನಮ್ಮ ಕೈಗೆ ಬರಬೇಕಾದರೆ ನಾವೇನು ಮಾಡಬೇಕು?" ಅಂತ ಕೇಳಿದರೆ ಉತ್ತರ ಕೊಡಬೇಕು ಅನ್ನಿಸುತ್ತದೆ. ಪ್ರಶ್ನೆ ನಿಜವಾದದ್ದಾಗಿರಬೇಕು, ಅಂದರೆ ಉತ್ತರ ನಿಮಗೂ ಗೊತ್ತಿರಬಾರದು. ಉತ್ತರವನ್ನು ಒಳಗೆ ಬಚ್ಚಿಟ್ಟು ಕೇಳುವ ಪ್ರಶ್ನೆಯನ್ನು ಜನ ಬೇಗ ಗುರುತಿಸುತ್ತಾರೆ.

## ತಯಾರಿ

ಎಷ್ಟು ಜನ ಇರಬೇಕು? ಎಷ್ಟು ದಿನ? ಎಷ್ಟು ಮುಂಚೆ ಶುರು ಮಾಡಬೇಕು?

ಮೊದಲ ಸಲಕ್ಕೆ 40ರಿಂದ 80 ಜನ, ಒಂದು ದಿನ. ಇದು ನನ್ನ ಅನುಭವದ ಲೆಕ್ಕ. 20 ಜನರಿಗಿಂತ ಕಡಿಮೆ ಇದ್ದರೆ ಪಟ್ಟಿ ಗಿಟ್ಟಿ ಏನೂ ಬೇಡ, ಎಲ್ಲರೂ ಒಂದೇ ವೃತ್ತದಲ್ಲಿ ಕೂತು ಮಾತಾಡಿ. ನೂರಾರು ಜನರಿದ್ದರೂ ಈ ವಿಧಾನ ನಡೆಯುತ್ತದೆ, ಆದರೆ ಆಗ ಜಾಗ ಮತ್ತು ಸ್ವಯಂಸೇವಕರ ಕೆಲಸ ಬಹಳ ಹೆಚ್ಚುತ್ತದೆ.

ಒಂದು ದಿನದ ಲೆಕ್ಕ ಹೀಗೆ ಹಾಕಿ. ಬೆಳಿಗ್ಗೆ ಒಂದೂವರೆ ಗಂಟೆ ಸ್ವಾಗತಕ್ಕೆ ಮತ್ತು ಪಟ್ಟಿ ತುಂಬುವುದಕ್ಕೆ. ಆಮೇಲೆ 60 ನಿಮಿಷದ ನಾಲ್ಕು ಸುತ್ತು, ಪ್ರತಿ ಸುತ್ತಿನ ನಡುವೆ 15 ನಿಮಿಷ ಬಿಡುವು. ಕೊನೆಗೆ 45 ನಿಮಿಷ ಮತ್ತೆ ಎಲ್ಲರೂ ಒಂದೇ ವೃತ್ತದಲ್ಲಿ. ಒಂದೇ ಹೊತ್ತಿಗೆ ಐದು ಮೂಲೆಗಳಲ್ಲಿ ಗೋಷ್ಠಿ ನಡೆದರೆ ಒಟ್ಟು 20 ಗೋಷ್ಠಿಗಳಿಗೆ ಜಾಗ ಸಿಗುತ್ತದೆ. 15 ನಿಮಿಷದ ಬಿಡುವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ಓವನ್ ಕಲಿತ ಪಾಠವೇ ಅದಲ್ವಾ?

ಎಂಟು ವಾರ ಮುಂಚೆ ಶುರು ಮಾಡಿದರೆ ನೆಮ್ಮದಿ. ನಾಲ್ಕು ವಾರದಲ್ಲೂ ಆಗುತ್ತದೆ, ಆದರೆ ಅವಸರದಲ್ಲಿ ಮೊದಲು ಬಿಟ್ಟುಹೋಗುವವರು ಕರೆಯುವುದಕ್ಕೆ ಕಷ್ಟವಾದ ಜನ.

ಎಂಥ ಜಾಗ ಹುಡುಕಬೇಕು?

ಕುರ್ಚಿಗಳನ್ನು ಎತ್ತಿ ಸರಿಸಲು ಆಗಬೇಕು. ನೆಲಕ್ಕೆ ಬೋಲ್ಟ್ ಹಾಕಿದ ಆಸನಗಳ ಸಭಾಂಗಣ ಎಷ್ಟೇ ಚೆನ್ನಾಗಿದ್ದರೂ ಬೇಡ. ಎಲ್ಲರೂ ವೃತ್ತವಾಗಿ ಕೂರುವಷ್ಟು ದೊಡ್ಡ ಕೋಣೆ, ಕೂಗಳತೆಯಲ್ಲಿ ನಾಲ್ಕೈದು ಸಣ್ಣ ಕೋಣೆ ಅಥವಾ ಮರದ ನೆರಳು, ಕಾಗದ ಅಂಟಿಸಲು ಬಿಡುವ ಒಂದು ಉದ್ದನೆಯ ಗೋಡೆ. ಗಾಲಿಕುರ್ಚಿ ಒಳಗೆ ಬರುತ್ತದಾ, ಶೌಚಾಲಯಕ್ಕೆ ಹೋಗುತ್ತದಾ ಅಂತ ನೀವೇ ಹೋಗಿ ನೋಡಿ. ಫೋನಿನಲ್ಲಿ ಕೇಳಿದರೆ ಎಲ್ಲರೂ "ಹೋಗುತ್ತೆ" ಅಂತಲೇ ಹೇಳುತ್ತಾರೆ.

ಇನ್ನೊಂದು. ಆ ಜಾಗ ಯಾರದ್ದು ಅನ್ನುವುದೂ ಒಂದು ಸಂದೇಶ. ಕೆಲವು ಕಟ್ಟಡಗಳ ಮೆಟ್ಟಿಲು ಹತ್ತಲು ಕೆಲವರಿಗೆ ಹಿಂಜರಿಕೆ ಇರುತ್ತದೆ. ಯಾರು ಬರಬೇಕು ಅಂತ ನಿಮ್ಮ ಆಸೆಯೋ, ಅವರನ್ನೇ ಕೇಳಿ ಜಾಗ ಆರಿಸಿ.

ನಾವು ಎಲ್ಲರನ್ನೂ ಕರೆದರೂ ಅದೇ ಹಳೇ ಮುಖಗಳೇ ಬರುತ್ತವೆ. ಏನು ಮಾಡೋದು?

ಇದು ನನಗೆ ಅತಿ ಹೆಚ್ಚು ಬಾರಿ ಬಂದಿರುವ ಪ್ರಶ್ನೆ. "ಎಲ್ಲರಿಗೂ ಸ್ವಾಗತ" ಅಂತ ಬೋರ್ಡು ಹಾಕಿದರೆ, ಸ್ವಾಗತ ಸಿಕ್ಕು ಅಭ್ಯಾಸ ಇರುವವರು ಮಾತ್ರ ಬರುತ್ತಾರೆ. ಬಾಗಿಲು ತೆರೆದಿಟ್ಟರೆ ಸಾಲದು, ಹೋಗಿ ಕರೆಯಬೇಕು.

ಮೊದಲು ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಪ್ರಶ್ನೆಯ ಬಿಸಿ ಯಾರಿಗೆಲ್ಲ ತಟ್ಟುತ್ತದೆ ಅಂತ ಬರೆಯಿರಿ. ಕಸ ಆಯುವವರು, ಬೀದಿ ವ್ಯಾಪಾರಿಗಳು, ಬಾಡಿಗೆ ಮನೆಯವರು, ವಿದ್ಯಾರ್ಥಿಗಳು, ವಯಸ್ಸಾದವರು, ವಲಸೆ ಬಂದವರು. ಪ್ರತಿ ಗುಂಪಿನ ಮುಂದೆ, ನಿಮ್ಮ ತಂಡದಲ್ಲಿ ಅವರಿಗೆ ಪರಿಚಯ ಇರುವ ಒಬ್ಬರ ಹೆಸರು ಬರೆಯಿರಿ. ಎಲ್ಲಿ ಹೆಸರು ಇಲ್ಲವೋ ಅಲ್ಲಿ ಕೆಲಸ ಇದೆ. ಆ ಗುಂಪಿನ ಒಬ್ಬರನ್ನು ಸಂಘಟನಾ ತಂಡಕ್ಕೇ ಸೇರಿಸಿಕೊಳ್ಳಿ, ಅದೂ ದಿನಾಂಕ ಗೊತ್ತು ಮಾಡುವ ಮುಂಚೆ. ಎಲ್ಲ ತೀರ್ಮಾನ ಆದ ಮೇಲೆ ಕರೆದರೆ ಅವರು ಅತಿಥಿಗಳಾಗಿ ಮಾತ್ರ ಬರುತ್ತಾರೆ.

ಆಮೇಲೆ ಅಡ್ಡಿಗಳನ್ನು ಒಂದೊಂದಾಗಿ ತೆಗೆಯಿರಿ. ದಿನಗೂಲಿಯವರು ಒಂದು ದಿನ ಬಂದರೆ ಒಂದು ದಿನದ ಸಂಪಾದನೆ ಹೋಯಿತು. ಸಾಧ್ಯವಾದರೆ ಅದನ್ನು ತುಂಬಿಕೊಡಿ. ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ ಮತ್ತು ಇಬ್ಬರು ಜವಾಬ್ದಾರಿಯುತ ಜನ ಇದ್ದರೆ ತಾಯಂದಿರು ಬರುತ್ತಾರೆ. ಹೋಗಿ ಬರುವ ಖರ್ಚನ್ನು ಬಂದ ತಕ್ಷಣ ಕೈಗೆ ಕೊಡಿ, ರಸೀದಿ ಕಳಿಸಿ ಅಂತ ತಿಂಗಳುಗಟ್ಟಲೆ ಓಡಾಡಿಸಬೇಡಿ. ಒಬ್ಬರನ್ನೇ ಕರೆಯದೆ ಇಬ್ಬರು ಮೂವರನ್ನು ಜೊತೆಯಾಗಿ ಕರೆಯಿರಿ. ಹೊಸ ಜಾಗದಲ್ಲಿ ಒಬ್ಬರೇ ಇದ್ದರೆ ಬಾಯಿ ಬಿಡುವುದು ಕಷ್ಟ.

ದುಡ್ಡು ಎಲ್ಲಿಂದ ತರೋದು?

ಸಣ್ಣ ಸಣ್ಣ ಮೊತ್ತ, ಜಾಸ್ತಿ ಜನರಿಂದ. ಜಾಗ, ಕಾಗದ, ಊಟದಂಥ ಖರ್ಚುಗಳನ್ನು ವಸ್ತು ರೂಪದಲ್ಲೇ ಕೊಡುವವರು ಸಿಗುತ್ತಾರೆ. ಒಬ್ಬರೇ ದೊಡ್ಡ ಮೊತ್ತ ಕೊಡುತ್ತೇನೆ ಅಂದರೆ, ಪ್ರತಿಯಾಗಿ ಅವರು ಏನು ಬಯಸುತ್ತಾರೆ ಅಂತ ಮೊದಲೇ ಕೇಳಿ. ಮಾತಾಡಲು ಸಮಯ ಕೊಡಿ ಅಂದರೆ ಬೇಡ ಅನ್ನಿ. ಅವರೂ ಬಂದು ಎಲ್ಲರ ಹಾಗೆ ಚೀಟಿ ಬರೆಯಲಿ. ಪೈಸೆ ಪೈಸೆಯ ಲೆಕ್ಕವನ್ನು ಅದೇ ದಿನ ಗೋಡೆಯ ಮೇಲೆ ಹಾಕಿ.

ರಾಜಕೀಯ ಪಕ್ಷದವರು, ಜನಪ್ರತಿನಿಧಿಗಳು ಬರಬಹುದಾ?

ಇದನ್ನು ಮೊದಲೇ ತೀರ್ಮಾನಿಸಿ, ಬರೆದು, ಎಲ್ಲರಿಗೂ ತಿಳಿಸಿ. ಆ ದಿನ ಬಾಗಿಲಲ್ಲಿ ನಿಂತು ತೀರ್ಮಾನಿಸುವ ವಿಷಯ ಇದಲ್ಲ.

ಜಗತ್ತಿನ ನಾನಾ ಕಡೆಯ ಜನಚಳವಳಿಗಳು, ಸಂಘಟನೆಗಳು ಸೇರುವ ವಿಶ್ವ ಸಾಮಾಜಿಕ ವೇದಿಕೆಯ ಉದಾಹರಣೆ ನೋಡಿ. ಅದರ ಮೊದಲ ಸಮಾವೇಶ 2001ರಲ್ಲಿ ಅದೇ ಪೋರ್ಟೊ ಅಲೆಗ್ರೆಯಲ್ಲಿ ನಡೆಯಿತು, 2004ರಲ್ಲಿ ಮುಂಬೈಯಲ್ಲಿ. ಅವರ ತತ್ವಪತ್ರದ ಪ್ರಕಾರ ಪಕ್ಷಗಳು ಪಕ್ಷಗಳಾಗಿ ಭಾಗವಹಿಸುವಂತಿಲ್ಲ. ಆದರೆ ತತ್ವಪತ್ರ ಒಪ್ಪುವ ಸರ್ಕಾರದ ನಾಯಕರನ್ನೂ ಶಾಸಕರನ್ನೂ ವೈಯಕ್ತಿಕ ನೆಲೆಯಲ್ಲಿ ಕರೆಯಬಹುದು. ಈ ಗೆರೆ ನನಗೆ ಇಷ್ಟ. ವ್ಯಕ್ತಿ ಬರಲಿ, ಬಾವುಟ ಹೊರಗಿರಲಿ.

ನಾವು ಇದಕ್ಕೆ ಇನ್ನೊಂದು ಸೇರಿಸಿಕೊಂಡಿದ್ದೇವೆ. ಪದವಿಯಲ್ಲಿರುವವರು ಬಂದರೆ ಮುಂದಿನ ಸಾಲು ಇಲ್ಲ (ವೃತ್ತದಲ್ಲಿ ಮುಂದಿನ ಸಾಲೇ ಇರುವುದಿಲ್ಲ), ಉದ್ಘಾಟನೆ ಇಲ್ಲ, ಹತ್ತು ನಿಮಿಷ ಮಾತಾಡಿ ಹೊರಡುವುದೂ ಇಲ್ಲ. ಕನಿಷ್ಠ ಒಂದು ಪೂರ್ತಿ ಸುತ್ತು ಕೂತು ಕೇಳಬೇಕು. ಈ ಷರತ್ತು ಹೇಳಿದಾಗ ಕೆಲವರು ಬರಲಿಲ್ಲ. ಬಂದವರು ನಿಜವಾಗಿಯೂ ಕೇಳಿಸಿಕೊಂಡರು.

## ಆ ದಿನ

ಬೆಳಿಗ್ಗೆ ಪಟ್ಟಿ ಹೇಗೆ ತುಂಬುತ್ತೆ? ಯಾರೂ ಏಳದಿದ್ರೆ?

ಎಲ್ಲರೂ ವೃತ್ತದಲ್ಲಿ ಕೂತಿರುತ್ತಾರೆ. ನಡುವೆ ನೆಲದ ಮೇಲೆ ಕಾಗದ ಮತ್ತು ದಪ್ಪ ಮಾರ್ಕರ್ ಪೆನ್ನುಗಳು. ನಡೆಸಿಕೊಡುವವರು ಐದಾರು ನಿಮಿಷದಲ್ಲಿ ಮುಖ್ಯ ಪ್ರಶ್ನೆ, ನಿಯಮ, ವೇಳಾಪಟ್ಟಿ ಹೇಳುತ್ತಾರೆ. ಆಮೇಲೆ ಮಾತಾಡಬೇಕು ಅನ್ನಿಸಿದವರು ನಡುವೆ ಬಂದು, ವಿಷಯ ಮತ್ತು ಹೆಸರು ಬರೆದು, ಎಲ್ಲರಿಗೂ ಕೇಳುವ ಹಾಗೆ ಓದಿ, ಗೋಡೆಯ ಯಾವುದಾದರೂ ಖಾಲಿ ಚೌಕಕ್ಕೆ ಅಂಟಿಸುತ್ತಾರೆ. ಚೀಟಿ ಬರೆದವರು ಪಂಡಿತರಾಗಿರಬೇಕಾಗಿಲ್ಲ. "ನನಗೆ ಇದು ಅರ್ಥವಾಗುತ್ತಿಲ್ಲ, ಯಾರಾದರೂ ಹೇಳಿಕೊಡಿ" ಅನ್ನುವುದೂ ಒಳ್ಳೆಯ ಗೋಷ್ಠಿಯೇ. ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಿ.

ಯಾರೂ ಏಳದ ಹೊತ್ತು ಬರುತ್ತದೆ. ಪ್ರತಿ ಸಲವೂ. ನಾನು ನಡೆಸಿದ ಮೊದಲ ಸಮ್ಮೇಳನದಲ್ಲಿ ನಾಲ್ಕು ನಿಮಿಷ ಯಾರೂ ಅಲುಗಾಡಲಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಒಬ್ಬರು ಚಪ್ಪಲಿ ಸರಿಮಾಡಿಕೊಂಡರು, ಎಲ್ಲರೂ ಅವರತ್ತ ನೋಡಿದರು, ಅವರು ತಲೆ ತಗ್ಗಿಸಿದರು. ನನ್ನ ಜೇಬಿನಲ್ಲಿ, ಇರಲಿ ಅಂತ ಬರೆದಿಟ್ಟುಕೊಂಡ ಆರು ವಿಷಯಗಳ ಪಟ್ಟಿ ಇತ್ತು. ಕೈ ಜೇಬಿಗೆ ಹೋಗಿಯೂ ಇತ್ತು. ಅಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬ ಹುಡುಗ ಎದ್ದು ಬಂದು ಮಂಡಿಯೂರಿ, "ಬಸ್ ಪಾಸ್" ಅಂತ ಎರಡೇ ಪದ ಬರೆದ. ಅದನ್ನು ಓದುವಾಗ ಅವನ ದನಿ ನಡುಗುತ್ತಿತ್ತು. ಅವನು ಗೋಡೆ ತಲುಪುವುದರೊಳಗೆ ಮಾರ್ಕರ್‌ಗಳ ಹತ್ತಿರ ಏಳು ಜನ ನಿಂತಿದ್ದರು.

ಆ ಮೌನವನ್ನು ತಡೆದುಕೊಳ್ಳುವುದೇ ನಡೆಸಿಕೊಡುವವರ ದೊಡ್ಡ ಕೆಲಸ. ನಾನು ಆ ಪಟ್ಟಿ ತೆಗೆದಿದ್ದರೆ ಉಳಿದ ದಿನವೆಲ್ಲ ಜನ ನನ್ನ ಮುಖವನ್ನೇ ನೋಡುತ್ತಿದ್ದರು. ಈಗ ಜೇಬಿನಲ್ಲಿ ಪಟ್ಟಿ ಇಟ್ಟುಕೊಳ್ಳುವುದಿಲ್ಲ.

ಒಂದೇ ವಿಷಯಕ್ಕೆ ಮೂರು ಚೀಟಿ ಬಂದ್ರೆ?

ಚೀಟಿ ಬರೆದ ಮೂವರನ್ನು ಗೋಡೆಯ ಹತ್ತಿರ ಮಾತಾಡಿಕೊಳ್ಳಲು ಬಿಡಿ. ಸೇರಿಸುವುದು ಬಿಡುವುದು ಅವರ ಇಷ್ಟ. ಮೇಲ್ನೋಟಕ್ಕೆ ಒಂದೇ ಅನ್ನಿಸುವ ವಿಷಯ ಎಷ್ಟೋ ಸಲ ಬೇರೆ ಬೇರೆ ಇರುತ್ತದೆ. ಸಂಘಟಕರು ಚೀಟಿ ಕಿತ್ತು ಜೋಡಿಸಬಾರದು.

ಮಧ್ಯದಲ್ಲಿ ಎದ್ದು ಹೋಗೋದು ಅವಮಾನ ಮಾಡಿದ ಹಾಗಲ್ವಾ?

ಇಲ್ಲಿ ಅದೇ ನಿಯಮ. 'ಎರಡು ಕಾಲಿನ ನಿಯಮ' ಅಂತ ಅದರ ಹೆಸರು. ಕಾಲಿಲ್ಲದವರನ್ನು ಹೊರಗಿಡುವ ಮಾತಾಗಬಾರದು ಅಂತ ಈಗ 'ಚಲನೆಯ ನಿಯಮ' ಅಂತಲೂ ಹೇಳುತ್ತಾರೆ. ನೀವು ಕೂತಲ್ಲಿ ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನಿಸಿದರೆ ಬೇರೆ ಕಡೆ ಹೋಗಿ. ಒಂದು ಗೋಷ್ಠಿಯಿಂದ ಇನ್ನೊಂದಕ್ಕೆ ಸುತ್ತುವವರನ್ನು ಓವನ್ ದುಂಬಿಗಳು ಅಂದರು. ಅವರು ಅಲ್ಲಿನ ಮಾತನ್ನು ಇಲ್ಲಿಗೆ ತರುತ್ತಾರೆ. ಎಲ್ಲಿಗೂ ಹೋಗದೆ ಹೊರಗೆ ನಿಂತವರನ್ನು ಚಿಟ್ಟೆಗಳು ಅಂದರು. ಅವರ ಸುತ್ತ ಎಷ್ಟೋ ಸಲ ಯಾರೂ ನಿರೀಕ್ಷಿಸದ ಮಾತು ಹುಟ್ಟುತ್ತದೆ.

ಹಿರಿಯರು, ಮೇಲಿನವರು ಮಾತಾಡುವಾಗ ಎದ್ದು ಹೋಗಲು ಜನರಿಗೆ ಸಂಕೋಚ. ಅದಕ್ಕೆ ಬೆಳಿಗ್ಗೆಯೇ, ಸಂಘಟಕರಲ್ಲಿ ಒಬ್ಬರ ಗೋಷ್ಠಿಯಿಂದ ಇನ್ನೊಬ್ಬ ಸಂಘಟಕರು ಎಲ್ಲರೂ ನೋಡುವ ಹಾಗೆ ನಮಸ್ಕಾರ ಮಾಡಿ ಎದ್ದು ಹೋಗಲಿ. ಒಮ್ಮೆ ಕಣ್ಣಾರೆ ಕಂಡರೆ ಧೈರ್ಯ ಬರುತ್ತದೆ.

ನಾನು ಕರೆದ ಗೋಷ್ಠಿಗೆ ಯಾರೂ ಬರಲಿಲ್ಲ ಅಂದ್ರೆ?

ಬಂದವರೇ ಸರಿಯಾದ ಜನ ಅನ್ನುವುದು ಓಪನ್ ಸ್ಪೇಸ್‌ನ ಮೊದಲ ಸೂತ್ರ. ಒಬ್ಬರೇ ಬಂದರೆ ಅವರೊಡನೆ ಆಳವಾಗಿ ಮಾತಾಡಿ. ಯಾರೂ ಬರದಿದ್ದರೆ ಆ ಗಂಟೆ ಕೂತು ನಿಮ್ಮ ಯೋಚನೆಯನ್ನು ಬರೆದು ಗೋಡೆಗೆ ಅಂಟಿಸಿ. ಸಂಜೆ ಓದಿದವರು ಹುಡುಕಿಕೊಂಡು ಬಂದದ್ದನ್ನು ನೋಡಿದ್ದೇನೆ.

ಒಬ್ಬರೇ ಮಾತಾಡ್ತಾ ಹೋದ್ರೆ ಹೇಗೆ ನಿಲ್ಲಿಸೋದು?

ಎರಡು ಕಾಲಿನ ನಿಯಮ ಅರ್ಧ ಕೆಲಸ ಮಾಡುತ್ತದೆ, ಕೇಳುವವರು ಕರಗಿಹೋಗುತ್ತಾರೆ. ಉಳಿದ ಅರ್ಧಕ್ಕೆ ಉಪಾಯ ಬೇಕು.

2011ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಝುಕಾಟಿ ಪಾರ್ಕಿನಲ್ಲಿ, ಆರ್ಥಿಕ ಅಸಮಾನತೆಯ ವಿರುದ್ಧ ಶುರುವಾದ ಆಕ್ಯುಪೈ ಚಳವಳಿಯ ಸಭೆಗಳಲ್ಲಿ ಕೈಸನ್ನೆಗಳನ್ನು ಬಳಸುತ್ತಿದ್ದರು. ಎರಡೂ ಕೈ ಮೇಲೆತ್ತಿ ಬೆರಳು ಆಡಿಸಿದರೆ ಒಪ್ಪಿಗೆ. ಕಿವುಡ ಸಮುದಾಯದವರು ಚಪ್ಪಾಳೆಗೆ ಬದಲು ಮಾಡುವ ಸನ್ನೆಯೂ ಇಂಥದ್ದೇ. ಮಾತು ಸಾಕು, ಮುಂದೆ ಹೋಗೋಣ ಅನ್ನಲು ಕೈ ತಿರುಗಿಸುವುದು. ಇದರಿಂದ ಯಾರ ಮಾತನ್ನೂ ಕತ್ತರಿಸದೆ ಕೋಣೆಯ ಮನಸ್ಸು ಗೊತ್ತಾಗುತ್ತದೆ. ಅಲ್ಲಿ ಧ್ವನಿವರ್ಧಕಕ್ಕೆ ಅನುಮತಿ ಇರಲಿಲ್ಲ. ಮಾತಾಡುವವರ ಒಂದೊಂದು ತುಣುಕನ್ನು ಹತ್ತಿರದವರು ಒಟ್ಟಿಗೆ ಕೂಗಿ ಹಿಂದಿನವರಿಗೆ ಮುಟ್ಟಿಸುತ್ತಿದ್ದರು. ತನ್ನ ವಾಕ್ಯವನ್ನು ನೂರು ಜನ ಹೊತ್ತು ಸಾಗಿಸಬೇಕು ಅಂದಾಗ ಯಾರೇ ಆಗಲಿ ಚುಟುಕಾಗಿ ಮಾತಾಡುತ್ತಾರೆ.

ಸರದಿಯ ವಿಷಯದಲ್ಲಿ, ಕೈ ಎತ್ತಿದ ಕ್ರಮದಲ್ಲೇ ಕೊಡಬೇಡಿ. ಇನ್ನೂ ಮಾತಾಡದವರು ಮೊದಲು. ಬಿಸಿ ಏರುವ ವಿಷಯಕ್ಕೆ 'ಫಿಶ್‌ಬೌಲ್' ಚೆನ್ನಾಗಿ ಹೊಂದುತ್ತದೆ. ನಡುವೆ ಐದು ಕುರ್ಚಿ, ನಾಲ್ಕರಲ್ಲಿ ಜನ, ಒಂದು ಖಾಲಿ. ಆ ಐದರಲ್ಲಿ ಕೂತವರು ಮಾತ್ರ ಮಾತಾಡಬೇಕು. ಹೊರಗಿನವರು ಬಂದು ಖಾಲಿ ಕುರ್ಚಿಯಲ್ಲಿ ಕೂತರೆ, ಒಳಗಿನ ಒಬ್ಬರು ಎದ್ದು ಜಾಗ ಬಿಡಬೇಕು.

ಬರೆಯೋಕೆ ಬಾರದವರು, ಬೇರೆ ಭಾಷೆಯವರು ಬಂದ್ರೆ?

ಚೀಟಿಯ ಪದ್ಧತಿಯಲ್ಲೇ ಒಂದು ದೋಷ ಇದೆ, ಅಕ್ಷರ ಬಲ್ಲವರಿಗೆ ಅದು ಅನುಕೂಲ. ಆದ್ದರಿಂದ ಗೋಡೆಯ ಹತ್ತಿರ ಇಬ್ಬರು ಬರೆಯುವವರು ಸದಾ ಇರಲಿ. ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆಯಬೇಕು, ತಿದ್ದಿ ಚಂದ ಮಾಡಬಾರದು. ಪಕ್ಕದಲ್ಲಿ ಒಂದು ಚಿತ್ರ ಬಿಡಿಸಿದರೆ ಇನ್ನೂ ಒಳ್ಳೆಯದು: ನಲ್ಲಿ, ಬಸ್ಸು, ದೀಪ. ಪ್ರತಿ ಸುತ್ತಿಗೂ ಮುಂಚೆ ಇಡೀ ಪಟ್ಟಿಯನ್ನು ಜೋರಾಗಿ ಓದಿ. ಅನುವಾದ ಬೇಕಾದರೆ ಸಮಯ ಸುಮಾರು ಎರಡರಷ್ಟು ಬೇಕು ಅಂತ ಲೆಕ್ಕ ಹಾಕಿ. ಸನ್ನೆ ಭಾಷೆಯ ಅನುವಾದಕರನ್ನು ಮೊದಲೇ ಗೊತ್ತು ಮಾಡಿ, ಒಬ್ಬರಿಗೆ ಇಡೀ ದಿನ ಆಗುವುದಿಲ್ಲ, ಇಬ್ಬರು ಬೇಕು.

ಫೋಟೊ, ವಿಡಿಯೊ ತೆಗೀಬಹುದಾ?

ಕೇಳಿ ತೆಗೆಯಿರಿ. ತಳಮಟ್ಟದ ರಾಜಕೀಯದಲ್ಲಿ ಮಾತಾಡಿದವರಿಗೆ ಮರುದಿನ ತೊಂದರೆ ಆಗಬಹುದು. ಗುತ್ತಿಗೆದಾರನ ಬಗ್ಗೆ, ಮನೆ ಮಾಲೀಕನ ಬಗ್ಗೆ, ಮೇಲಧಿಕಾರಿಯ ಬಗ್ಗೆ ಹೇಳಿದ ಒಂದು ಮಾತು ಹೊರಗೆ ಹೋದರೆ ಕೆಲಸವೇ ಹೋಗಬಹುದು. ಎರಡು ಬಣ್ಣದ ಬ್ಯಾಡ್ಜ್ ಇಡಿ, ಒಂದು ಬಣ್ಣ ಫೋಟೊ ಬೇಡ ಅನ್ನುವವರಿಗೆ. ಸೂಕ್ಷ್ಮ ಗೋಷ್ಠಿಗಳಿಗೆ ಚಾಟಮ್ ಹೌಸ್ ನಿಯಮ ಹಾಕಿಕೊಳ್ಳಿ. ಅಂತರರಾಷ್ಟ್ರೀಯ ವಿಷಯಗಳನ್ನು ಚರ್ಚಿಸುವ ಲಂಡನ್ನಿನ ಆ ಸಂಸ್ಥೆ 1927ರಲ್ಲಿ ಮಾಡಿದ ನಿಯಮ ಇದು: ಕೇಳಿದ ವಿಷಯವನ್ನು ಬಳಸಬಹುದು, ಯಾರು ಹೇಳಿದರು, ಯಾವ ಸಂಸ್ಥೆಯವರು, ಇನ್ಯಾರು ಅಲ್ಲಿದ್ದರು ಅನ್ನುವುದನ್ನು ಹೇಳುವಂತಿಲ್ಲ.

## ಸ್ವಲ್ಪ ಅನುಭವ ಆದ ಮೇಲೆ

ಜಗಳ ಆದ್ರೆ?

ಅಭಿಪ್ರಾಯ ಭೇದ ಬಂದರೆ ಬರಲಿ, ಅದಕ್ಕೇ ಸೇರಿರುವುದು. ಒಂದು ಗುಂಪನ್ನೋ ಒಬ್ಬ ವ್ಯಕ್ತಿಯನ್ನೋ ಕೀಳಾಗಿ ಮಾತಾಡುವುದು ಬೇರೆ. ಅದಕ್ಕೆ ನಡವಳಿಕೆಯ ನಿಯಮ ಬರೆದಿಟ್ಟಿರಬೇಕು, ಬೆಳಿಗ್ಗೆ ಓದಿರಬೇಕು, ದೂರು ಕೇಳಲು ಇಬ್ಬರು ಇರಬೇಕು. ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ.

ಒಮ್ಮೆ ಬಾಡಿಗೆದಾರರು ಮತ್ತು ಮನೆ ಮಾಲೀಕರು ಒಂದೇ ಗೋಷ್ಠಿಯಲ್ಲಿ ಕೂತು ದನಿ ಏರಿತು. ನಡೆಸಿಕೊಡುತ್ತಿದ್ದ ಗೆಳತಿ ಯಾರನ್ನೂ ಸುಮ್ಮನಾಗಿಸಲಿಲ್ಲ. "ಎದುರಿನವರು ಹೇಳಿದ್ದನ್ನು ಅವರು ಒಪ್ಪುವ ಹಾಗೆ ಮೊದಲು ನೀವು ಹೇಳಿ, ಆಮೇಲೆ ನಿಮ್ಮ ಮಾತು" ಅಂದಳು. ಮೊದಲ ಇಬ್ಬರಿಗೆ ಅದು ಮೂರು ಸಲ ಪ್ರಯತ್ನಿಸಿದರೂ ಆಗಲಿಲ್ಲ. ನಾಲ್ಕನೇ ಸಲ ಆಯಿತು. ಅವರು ಒಪ್ಪಂದಕ್ಕೇನೂ ಬರಲಿಲ್ಲ, ಆದರೆ ನಿಜವಾಗಿ ಯಾವುದರ ಬಗ್ಗೆ ಜಗಳ ಅಂತ ಎರಡೂ ಕಡೆಯವರಿಗೆ ಸ್ಪಷ್ಟವಾಯಿತು.

ಕೊನೆಗೆ ಎಲ್ಲರೂ ಸೇರಿ ಒಂದು ನಿರ್ಣಯ ಮಾಡಬೇಕಾ?

ನನ್ನ ಅಭಿಪ್ರಾಯ, ಬೇಡ. ವಿಶ್ವ ಸಾಮಾಜಿಕ ವೇದಿಕೆ ಇದರಲ್ಲೂ ಕಟ್ಟುನಿಟ್ಟು: ಇಡೀ ವೇದಿಕೆಯ ಹೆಸರಿನಲ್ಲಿ ಮಾತಾಡುವ ಅಧಿಕಾರ ಯಾರಿಗೂ ಇಲ್ಲ. ಅಲ್ಲಿ ಸೇರಿದ ಸಂಘಟನೆಗಳು ತಮ್ಮ ತಮ್ಮ ಹೆಸರಿನಲ್ಲಿ ಏನು ಬೇಕಾದರೂ ತೀರ್ಮಾನಿಸಬಹುದು. ಸಂಜೆ ಐದಕ್ಕೆ ಎಲ್ಲರೂ ದಣಿದಿರುವಾಗ ಒಂದು ನಿರ್ಣಯ ಓದಿ ಕೈ ಎತ್ತಿಸಿದರೆ ಅದು ಬರೆದವರ ನಿರ್ಣಯ ಆಗುತ್ತದೆ, ಅಷ್ಟೇ. ಇದನ್ನು ಒಪ್ಪದ ಗೆಳೆಯರೂ ನನಗಿದ್ದಾರೆ. ನಿರ್ಣಯ ಇಲ್ಲದಿದ್ದರೆ ಅಧಿಕಾರಿಗಳ ಮುಂದೆ ಏನು ಇಡುವುದು ಅಂತ ಅವರು ಕೇಳುತ್ತಾರೆ. ಅದೂ ನಿಜವಾದ ಕಷ್ಟವೇ. ನಾವು ಕಂಡುಕೊಂಡ ದಾರಿ: ಪ್ರತಿ ಗೋಷ್ಠಿಯ ಬೇಡಿಕೆಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು, ಬೆಂಬಲಿಸುವವರು ಅದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುತ್ತಾರೆ. 12 ಸಹಿ ಇದ್ದರೆ 12, 60 ಇದ್ದರೆ 60.

ನಾಯಕರೇ ಇಲ್ಲ ಅಂತೀರಿ. ಆದ್ರೆ ಒಳಗೊಳಗೇ ಕೆಲವರೇ ನಡೆಸ್ತಾರಲ್ವಾ?

ಆ ಅಪಾಯ ಇದೆ. ಬರೆದ ನಿಯಮ ಇಲ್ಲದ ಕಡೆ ಬರೆಯದ ನಿಯಮ ಆಳುತ್ತದೆ. ಯಾರಿಗೆ ಯಾರ ಸ್ನೇಹ, ಯಾರಿಗೆ ಬಿಡುವು ಜಾಸ್ತಿ, ಯಾರ ಮಾತು ಚಂದ, ಅವರದ್ದೇ ನಡೆಯುತ್ತದೆ. ಸಂಘಟನಾ ತಂಡದಲ್ಲಿ ನಮಗೇ ಇದು ಆಗಿದೆ. ನಾಲ್ಕು ಜನ ರಾತ್ರಿ ಫೋನಿನಲ್ಲಿ ಮಾತಾಡಿ ಮುಗಿಸಿ, ಮರುದಿನದ ಸಭೆಗೆ ಬರೀ ತಿಳಿಸುತ್ತಿದ್ದೆವು. ಒಬ್ಬ ಸದಸ್ಯೆ "ಹಾಗಾದರೆ ನಾನು ಯಾಕೆ ಬರಬೇಕು?" ಅಂತ ನೇರವಾಗಿ ಕೇಳಿದ ಮೇಲೆಯೇ ನಮಗೆ ಅದು ಕಂಡಿದ್ದು. ಆ ನಾಲ್ವರಲ್ಲಿ ನಾನೂ ಒಬ್ಬ.

ಅಂದಿನಿಂದ ಮೂರು ಅಭ್ಯಾಸ ಮಾಡಿಕೊಂಡೆವು. ಯಾರು ಯಾವ ಕೆಲಸಕ್ಕೆ ಹೊಣೆ ಅಂತ ಹೆಸರು ಸಹಿತ ಎಲ್ಲರಿಗೂ ಕಾಣುವ ಹಾಗೆ ಬರೆಯುವುದು. ಹೊಣೆಯನ್ನು ಪ್ರತಿ ಸಮ್ಮೇಳನಕ್ಕೂ ಬದಲಾಯಿಸುವುದು, ಅದರಲ್ಲೂ ನಡೆಸಿಕೊಡುವ ಹೊಣೆ ಮತ್ತು ದುಡ್ಡಿನ ಹೊಣೆ. ಸಭೆಯ ಹೊರಗೆ ಆದ ಮಾತನ್ನು ಸಭೆಯಲ್ಲಿ ಮತ್ತೆ ತೆರೆದಿಟ್ಟು ತೀರ್ಮಾನಿಸುವುದು. ನಿಧಾನ ಆಗುತ್ತದೆ, ನಿಜ. ಆದರೆ ಆ ಸದಸ್ಯೆ ಈಗಲೂ ನಮ್ಮ ಜೊತೆಗಿದ್ದಾರೆ.

ಆನ್‌ಲೈನ್‌ನಲ್ಲಿ ಮಾಡಬಹುದಾ?

ಮಾಡಬಹುದು. ಗೋಡೆಗೆ ಬದಲು ಎಲ್ಲರೂ ಬರೆಯಬಹುದಾದ ಒಂದು ಹಾಳೆ, ಮೂಲೆಗಳಿಗೆ ಬದಲು ಸಣ್ಣ ವಿಡಿಯೊ ಕೋಣೆಗಳು. ಸುತ್ತು 40 ನಿಮಿಷ ಮೀರದಿರಲಿ, ಇಡೀ ದಿನ ಎಳೆಯಬೇಡಿ. ಒಳ್ಳೆಯ ಫೋನು, ಇಂಟರ್ನೆಟ್ ಇಲ್ಲದವರು ಹೊರಗುಳಿಯುತ್ತಾರೆ ಅನ್ನುವುದು ನೆನಪಿರಲಿ. ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಪರದೆಯಲ್ಲಿ ಇರುವುದು ನನ್ನ ಅನುಭವದಲ್ಲಿ ಅತಿ ಕಷ್ಟ.

ಸಮ್ಮೇಳನ ಮುಗಿದ ಮೇಲೆ ಏನೂ ಆಗಲ್ಲ ಅಂತಾರೆ. ನಿಜಾನಾ?

ಸುಮ್ನೆ ಬಿಟ್ಟರೆ ನಿಜ. ಪ್ರತಿ ಗೋಷ್ಠಿಗೂ ಒಂದೇ ಪುಟದ ಹಾಳೆ ಕೊಡಿ. ಏನು ಮಾತಾಡಿದೆವು, ಎಲ್ಲಿ ಒಪ್ಪಲಿಲ್ಲ, ಮುಂದಿನ ಒಂದು ಹೆಜ್ಜೆ ಏನು, ಯಾರು, ಯಾವ ತಾರೀಕಿನೊಳಗೆ. ಹೆಸರು ಮತ್ತು ತಾರೀಕು ಇಲ್ಲದ ಹೆಜ್ಜೆಯನ್ನು ಬರೆಯಬೇಡಿ. ಎರಡು ದಿನದೊಳಗೆ ಎಲ್ಲ ಹಾಳೆಗಳನ್ನು ಸೇರಿಸಿ ಬಂದವರಿಗೆಲ್ಲ ತಲುಪಿಸಿ, ಕಾಗದದಲ್ಲಿ ಬೇಕಾದವರಿಗೆ ಕಾಗದದಲ್ಲಿ. ಮುಂದಿನ ಭೇಟಿಯ ದಿನವನ್ನು ಹೊರಡುವ ಮುಂಚೆಯೇ ಗೊತ್ತು ಮಾಡಿ, ಆರು ವಾರದೊಳಗೆ ಇರಲಿ. 20 ಗೋಷ್ಠಿಗಳಲ್ಲಿ ಮೂರು ನಾಲ್ಕು ಮುಂದುವರಿದರೆ ಅದು ಒಳ್ಳೆಯ ಫಲ. ಉಳಿದವನ್ನು ಎಳೆದು ಬದುಕಿಸಲು ಹೋಗಬೇಡಿ.

ನೀರಿನ ಸಭೆಯ ಹೊತ್ತಿನ ಬಗ್ಗೆ ಬರೆದ ಆ ಚೀಟಿಯ ಗೋಷ್ಠಿ ಅಂಥದ್ದರಲ್ಲಿ ಒಂದು. ಅವರ ಹಾಳೆಯಲ್ಲಿದ್ದ ಹೆಜ್ಜೆ ಬಹಳ ಚಿಕ್ಕದು: ಮೂರು ಜನ ನೀರಿನ ಸಭೆ ಕರೆಯುವವರ ಹತ್ತಿರ ಹೋಗಿ, ಸಭೆಯನ್ನು ಸಂಜೆ ಏಳಕ್ಕೆ ಇಡಿ ಅಂತ ಕೇಳುವುದು. ಮೊದಲ ಸಲ ಆಗುವುದಿಲ್ಲ ಅಂದರು. ಎರಡನೇ ಸಲ 31 ಸಹಿ ತೆಗೆದುಕೊಂಡು ಹೋದರು. ಮೂರನೇ ಸಲ ಹೋದಾಗ ಒಂದು ಸಭೆ ಹಾಗೆ ಮಾಡಿ ನೋಡೋಣ ಅಂದರು. ಆ ಸಂಜೆ ಕುರ್ಚಿ ಸಾಲದೆ ಜನ ಬಾಗಿಲ ಹೊರಗೆ ನಿಂತಿದ್ದರು. ಚೀಟಿ ಬರೆದ ಹೆಂಗಸು ಒಳಗೆ ಎರಡನೇ ಸಾಲಿನಲ್ಲಿ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೈ ಎತ್ತಿ ಕೂತಿದ್ದರು.